ಕೆಚ್ಚಲು ಬಾವಿನ ಗುಟ್ಟು ಬಿಡಿಸಿದ ಎಡ್ಮಂಡ್ ನೊಕಾರ್

ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ 25 ವರ್ಷ ತುಂಬಿದ ಈ ಸಂತೋಷದ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕು ಅಂತ ಕಾರ್ಯದರ್ಶಿಗಳು ಮೂರು ಸಲ ಮನೆ ಬಾಗಿಲಿಗೆ ಬಂದರು. ಪಶುಪಾಲನಾ ಇಲಾಖೆಯಲ್ಲಿ ನೌಕರಿ ಮಾಡಿ ನಿವೃತ್ತನಾದ ನನಗೆ ದನಕ್ಕೆ ಸೂಜಿ ಹಾಕುವುದು ಗೊತ್ತೇ ಹೊರತು ಲೇಖನ ಬರೆಯುವುದು ಅಷ್ಟಾಗಿ ಗೊತ್ತಿಲ್ಲ. ಸಂಘ ಹುಟ್ಟಿದ್ದು, ಸ್ವಂತ ಕಟ್ಟಡ ಆದದ್ದು, ಇದನ್ನೆಲ್ಲ ಹಿರಿಯ ನಿರ್ದೇಶಕರು ಈ ಸಂಚಿಕೆಯಲ್ಲೇ ಬರೆದಿದ್ದಾರೆ. ನಾನು ನಮ್ಮೂರಿನವರು ಯಾರೂ ಹೆಸರು ಕೇಳಿರದ, ಆದರೆ ಪಶುವೈದ್ಯ ಲೋಕದಲ್ಲಿ ದೊಡ್ಡ ಹೆಸರಾದ ಒಬ್ಬ ಮಹನೀಯರ ವಿಚಾರ ಬರೆಯೋಣ ಅಂತ ಕೂತಿದ್ದೇನೆ. ಅವರು ಕಾಲವಾಗಿ ನೂರು ವರ್ಷದ ಮೇಲಾಯಿತು. ಅವರು ನಮ್ಮ ದೇಶದವರೂ ಅಲ್ಲ. ಹಾಗಿದ್ದರೂ ಅವರು ಮಾಡಿದ ಕೆಲಸಕ್ಕೂ ನಿಮ್ಮ ಮನೆಯ ಕೊಟ್ಟಿಗೆಗೂ ನೇರವಾದ ಸಂಬಂಧ ಇದೆ.

ಅವರ ಕತೆಗೆ ಮೊದಲು ನಮ್ಮ ಮನೆಯದೇ ಒಂದು ಸಂಗತಿ ಹೇಳಬೇಕು. ನಾನು ಏಳನೇ ಕ್ಲಾಸು ಓದುವಾಗ ನಮ್ಮ ಕೊಟ್ಟಿಗೆಯಲ್ಲಿ ನಾಲ್ಕು ಕರಾವು ಇದ್ದವು. ಅದರಲ್ಲಿ ಕೆಂಪಿ ಅನ್ನೋ ಹಸು ಎರಡನೇ ಕರು ಹಾಕಿ ಒಳ್ಳೆ ಹಾಲಿನಲ್ಲಿತ್ತು. ಒಂದು ದಿನ ಅದರ ಹಿಂದಿನ ಎಡ ಮೊಲೆಯ ಬುಡದಲ್ಲಿ ಸಣ್ಣ ಗಂಟು ಕೈಗೆ ಸಿಕ್ಕಿತು. ಜ್ವರ ಇಲ್ಲ, ಮೇವು ಬಿಟ್ಟಿಲ್ಲ, ಹಾಲೂ ನೋಡೋಕೆ ಸರಿಯಾಗೇ ಇತ್ತು. ಸ್ವಲ್ಪ ದಿನ ಆದ ಮೇಲೆ ಆ ಮೊಲೆಯ ಹಾಲು ನೀರು ನೀರಾಯಿತು. ಕಾಯಿಸಿದರೆ ಒಡೆಯಿತು. ಆಮೇಲೆ ಮೊಲೆಯೇ ಬತ್ತಿತು. ನಮ್ಮ ಅವ್ವ ಕೆಂಪಿಗೆ ನೋವು ಜಾಸ್ತಿ, ಅದನ್ನ ಕಾಯಿಸಬಾರದು ಅಂತ ದಿನಾ ಬೆಳಗ್ಗೆ ಅದನ್ನೇ ಮೊದಲು ಕರೆಯೋಳು. ಕರೆದು, ಕೆಟ್ಟ ಹಾಲನ್ನ ಅಲ್ಲೇ ನೆಲಕ್ಕೆ ಚೆಲ್ಲಿ, ಕೈಯನ್ನ ಸೆರಗಿಗೆ ಒರೆಸಿಕೊಂಡು ಪಕ್ಕದ ಹಸುವಿನ ಹತ್ತಿರ ಕೂರೋಳು. ಒಂದು ವರ್ಷ ಕಳೆಯೋದರೊಳಗೆ ನಾಲ್ಕು ಹಸುವಿನಲ್ಲಿ ಮೂರಕ್ಕೆ ಒಂದೊಂದು ಮೊಲೆ ಹೋಗಿತ್ತು, ಒಂದಕ್ಕೆ ಎರಡು. ಅಜ್ಜಿ ದೃಷ್ಟಿ ಆಗಿದೆ ಅಂದಳು. ಉಪ್ಪು ಮೆಣಸಿನಕಾಯಿ ನಿವಾಳಿಸಿದರು, ಕೊರಳಿಗೆ ಕರಿದಾರ ಕಟ್ಟಿದರು. ಯಾರ ದೃಷ್ಟಿ ಅನ್ನೋ ಮಾತಿನ ಮೇಲೆ ಪಕ್ಕದ ಮನೆಯವರ ಜೊತೆ ಎರಡು ವರ್ಷ ಮಾತು ನಿಂತಿತು. ಕೊನೆಗೆ ಎರಡು ಹಸುವನ್ನ ಸಂತೆಯಲ್ಲಿ ಬಂದಷ್ಟಕ್ಕೆ ಮಾರಿ ಅಪ್ಪ ಬರಿಗೈಲಿ ಮನೆಗೆ ಬಂದರು. ನಾನು ಹೈಸ್ಕೂಲಿಗೆ ಒಂದು ವರ್ಷ ತಡವಾಗಿ ಸೇರಿದ್ದು ಆ ಕಾರಣಕ್ಕೆ.

ಬಹಳ ವರ್ಷಗಳ ಮೇಲೆ ಇಲಾಖೆಯ ತರಬೇತಿಯಲ್ಲಿ ಪಾಠ ಕೇಳುವಾಗ ಗೊತ್ತಾಯಿತು: ನಮ್ಮ ಕೊಟ್ಟಿಗೆಯಲ್ಲಿ ನಡೆದದ್ದನ್ನು ಒಬ್ಬರು ಫ್ರಾನ್ಸ್ ದೇಶದಲ್ಲಿ 1880ರ ದಶಕದಲ್ಲೇ ಕಂಡು, ಪರೀಕ್ಷೆ ಮಾಡಿ, ಕಾರಣ ಸಮೇತ ಬರೆದಿಟ್ಟಿದ್ದರು. ಅವರೇ ಎಡ್ಮಂಡ್ ನೊಕಾರ್. ಇಂಗ್ಲಿಷ್ ಪುಸ್ತಕ ಓದಿದವರು ನೊಕಾರ್ಡ್ ಅಂತಾರೆ. ಫ್ರೆಂಚರ ಬಾಯಲ್ಲಿ ಕೊನೆಯ ಅಕ್ಷರ ಉಳಿಯುವುದಿಲ್ಲ.

ನೊಕಾರ್ ಅವರು 1850ನೇ ಇಸವಿ ಜನವರಿ 29ರಂದು ಪ್ಯಾರಿಸ್ ನಗರಕ್ಕೆ ಆಗ್ನೇಯದಲ್ಲಿರುವ ಪ್ರೊವ್ಯಾಂ ಎಂಬ ಹಳೆಯ ಪಟ್ಟಣದಲ್ಲಿ ಜನಿಸಿದರು. ಅದು ಬ್ರೀ ಸೀಮೆ, ಹಸುವಿನ ಹಾಲಿನ ಚೀಸಿಗೆ ಹೆಸರಾದದ್ದು. 1868ರಲ್ಲಿ, 18ರ ಪ್ರಾಯದಲ್ಲಿ, ಪ್ಯಾರಿಸ್ ಪಕ್ಕದ ಆಲ್ಫೋರ್ ಪಶುವೈದ್ಯ ಶಾಲೆಗೆ ಸೇರಿದರು. ಈ ಶಾಲೆಯ ಬಗ್ಗೆ ಒಂದು ಮಾತು ಹೇಳಬೇಕು. ಆಧುನಿಕ ಕಾಲದ ಮೊಟ್ಟಮೊದಲ ಪಶುವೈದ್ಯ ಶಾಲೆ 1761ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಸ್ಥಾಪನೆಯಾಯಿತು. ಆಗ ಅಲ್ಲಿ ದನಗಳಿಗೆ ದೊಡ್ಡ ರೋಗ ಬಂದು ಕೊಟ್ಟಿಗೆ ಕೊಟ್ಟಿಗೆಯೇ ಖಾಲಿಯಾಗುತ್ತಿದ್ದ ಕಾಲ. ಅದರ ಬೆನ್ನಿಗೇ ಬಂದದ್ದು ಆಲ್ಫೋರ್ ಶಾಲೆ. ಅದು ಇವತ್ತಿಗೂ ಅದೇ ಜಾಗದಲ್ಲಿ ನಡೆಯುತ್ತಿದೆ. ದೊಡ್ಡ ರೋಗ ಮಾತ್ರ ಪ್ರಪಂಚದಿಂದಲೇ ಹೋಯಿತು ಅಂತ 2011ರಲ್ಲಿ ಘೋಷಣೆಯಾಯಿತು.

ನೊಕಾರ್ ಅವರ ಓದು ಸಲೀಸಾಗಿ ಮುಗಿಯಲಿಲ್ಲ. 1870ರಲ್ಲಿ ಫ್ರಾನ್ಸಿಗೂ ಜರ್ಮನರಿಗೂ ಯುದ್ಧ ಹತ್ತಿಕೊಂಡಿತು. ವಿದ್ಯಾರ್ಥಿ ನೊಕಾರ್ ಸೈನ್ಯಕ್ಕೆ ಹೋದರು. ಫ್ರಾನ್ಸ್ ಸೋತಿತು. ಮರಳಿ ಬಂದು ಓದು ಮುಂದುವರಿಸಿ 1873ರಲ್ಲಿ ಪದವಿ ಪಡೆದರು. ಅದೇ ಶಾಲೆಯ ಚಿಕಿತ್ಸಾಲಯದಲ್ಲಿ ಕೆಲಸಕ್ಕೆ ನಿಂತು, ಐದು ವರ್ಷ ಕುದುರೆ, ದನ, ನಾಯಿ ಎನ್ನದೆ ಬಾಗಿಲಿಗೆ ಬಂದ ಪ್ರಾಣಿಗಳನ್ನೆಲ್ಲ ನೋಡಿದರು. 1876ರಲ್ಲಿ ಪಶುವೈದ್ಯರಿಗಾಗಿ ಒಂದು ಪತ್ರಿಕೆಯನ್ನೂ ಹೊರಡಿಸಲು ಶುರು ಮಾಡಿದರು. 1878ರಲ್ಲಿ, ಕೇವಲ 28ನೇ ವಯಸ್ಸಿಗೆ, ಪ್ರಾಧ್ಯಾಪಕರಾದರು. ಅಲ್ಲಿಗೆ ನಿಂತಿದ್ದರೆ ಒಬ್ಬ ಒಳ್ಳೆ ಮೇಷ್ಟ್ರು, ಒಳ್ಳೆ ಶಸ್ತ್ರಚಿಕಿತ್ಸಕರು ಅನ್ನಿಸಿಕೊಂಡು ಸುಖವಾಗಿ ಇದ್ದುಬಿಡಬಹುದಾಗಿತ್ತು.

ಆದರೆ 1880ರಲ್ಲಿ ಅವರು ಲೂಯಿ ಪಾಶ್ಚರ್ ಅವರ ಪ್ರಯೋಗಶಾಲೆಗೆ ಸಹಾಯಕರಾಗಿ ಹೋದರು. ಪ್ರಾಧ್ಯಾಪಕನಾದವನು ಇನ್ನೊಬ್ಬರ ಹತ್ತಿರ ಸಹಾಯಕನಾಗಿ ಕಲಿಯೋಕೆ ಹೋಗುವುದು ಅಂದರೆ ಸಣ್ಣ ಮಾತಲ್ಲ. ಪಾಶ್ಚರ್ ಅವರು ಹೆಸರಾಂತ ವಿಜ್ಞಾನಿ, ಆದರೆ ಡಾಕ್ಟರೂ ಅಲ್ಲ, ಪಶುವೈದ್ಯರೂ ಅಲ್ಲ, ರಸಾಯನಶಾಸ್ತ್ರದವರು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಿಂದ ರೋಗ ಬರುತ್ತದೆ ಅನ್ನೋ ಅವರ ಮಾತನ್ನು ಬಹಳ ವೈದ್ಯರು ಆಗ ಒಪ್ಪುತ್ತಿರಲಿಲ್ಲ. ಕೆಟ್ಟ ಗಾಳಿ, ಮೈಯ ಗುಣ ಇತ್ಯಾದಿ ಕಾರಣ ಹೇಳುತ್ತಿದ್ದರು. ಪಶುವೈದ್ಯರಲ್ಲೂ ನಗುವವರಿದ್ದರು. ಆ ಹೊತ್ತಿನಲ್ಲಿ ನೊಕಾರ್ ಅವರ ಕಡೆ ಹೋಗಿ ನಿಂತರು. ಪಾಶ್ಚರ್ ಅವರ ಬಲಗೈಯಂತಿದ್ದ ಎಮಿಲ್ ರೂ ಇವರಿಗೆ ಜೀವದ ಗೆಳೆಯರಾದರು. 1881ರಲ್ಲಿ ಪೂಯಿ-ಲ-ಫೋರ್ ಎಂಬ ಹಳ್ಳಿಯಲ್ಲಿ ನೆರಡಿ ರೋಗದ ಲಸಿಕೆಯ ಬಹಿರಂಗ ಪರೀಕ್ಷೆ ನಡೆಯಿತು. ಲಸಿಕೆ ಹಾಕಿದ ಕುರಿಗಳು ಒಂದು ಕಡೆ, ಹಾಕದ ಕುರಿಗಳು ಒಂದು ಕಡೆ. ಎಲ್ಲಕ್ಕೂ ನೆರಡಿಯ ರೋಗಾಣು ಚುಚ್ಚಿದರು. ನೋಡೋಕೆ ಬಂದ ಜನರ ಕಣ್ಣೆದುರಿಗೇ ಲಸಿಕೆ ಇಲ್ಲದ ಕುರಿಗಳು ಬಿದ್ದವು, ಲಸಿಕೆ ಬಿದ್ದವು ಮೇಯುತ್ತಾ ಇದ್ದವು. ಆ ಕೆಲಸದಲ್ಲಿ ಕೈಜೋಡಿಸಿದವರಲ್ಲಿ ನೊಕಾರ್ ಒಬ್ಬರು.

1883ರಲ್ಲಿ ಈಜಿಪ್ಟಿನಲ್ಲಿ ಕಾಲರಾ ಹಬ್ಬಿದಾಗ ಪಾಶ್ಚರ್ ಅವರು ನಾಲ್ವರನ್ನು ಅಲ್ಲಿಗೆ ಕಳಿಸಿದರು. ರೂ, ಸ್ಟ್ರೌಸ್, ತ್ವಿಲಿಯೆ, ಮತ್ತೆ ನಮ್ಮ ನೊಕಾರ್. ಅಲೆಕ್ಸಾಂಡ್ರಿಯಾ ಊರಿನಲ್ಲಿ ಕಾಲರಾದಿಂದ ಸತ್ತವರ ಶವ ಪರೀಕ್ಷೆ ಮಾಡುತ್ತಾ ಇದ್ದಾಗ ನಾಲ್ವರಲ್ಲೇ ಚಿಕ್ಕವರಾದ ತ್ವಿಲಿಯೆ ಅದೇ ಕಾಲರಾಕ್ಕೆ ಬಲಿಯಾದರು. ಅವರಿಗೆ 27 ವರ್ಷ. ರೋಗಾಣು ಇವರ ಕೈಗೆ ಸಿಗಲಿಲ್ಲ. ಜರ್ಮನಿಯಿಂದ ಅದೇ ಕೆಲಸಕ್ಕೆ ಬಂದಿದ್ದ ರಾಬರ್ಟ್ ಕಾಖ್ ಅವರು ಅಲ್ಲಿಂದ ನಮ್ಮ ಕಲ್ಕತ್ತಾಕ್ಕೆ ಬಂದು, ಅಲ್ಲಿ ಅದನ್ನು ಖಚಿತ ಮಾಡಿಕೊಂಡರು. ಗೆಳೆಯನನ್ನು ಕಳೆದುಕೊಂಡು, ಬರಿಗೈಲಿ ಊರಿಗೆ ವಾಪಸು ಬರುವುದು ಹೇಗಿರುತ್ತೆ ಅಂತ ನೀವೇ ಯೋಚಿಸಿ.

ಹಾಗೆ ಬಂದ ಮರುವರ್ಷ, ಅಂದರೆ 1884ರಲ್ಲಿ, ನಮಗೆ ಬೇಕಾದ ಕೆಲಸ ಹೊರಗೆ ಬಂತು.

ಆ ಕಾಲದ ಪ್ಯಾರಿಸ್ ಅಂದರೆ ಈಗ ಟಿ.ವಿ.ಯಲ್ಲಿ ತೋರಿಸೋ ಪ್ಯಾರಿಸ್ ಅಲ್ಲ. ಹಾಲನ್ನು ದೂರದಿಂದ ತಂಪಾಗಿ ತರುವ ವ್ಯವಸ್ಥೆ ಇರಲಿಲ್ಲ. ಹಾಗಾಗಿ ಊರೊಳಗೂ ಊರಸುತ್ತಲೂ ನೂರಾರು ದನದ ಕೊಟ್ಟಿಗೆಗಳಿದ್ದವು. ಹಸುಗಳನ್ನು ಒತ್ತೊತ್ತಾಗಿ ಕಟ್ಟಿ, ಬಿಯರ್ ತಯಾರಿಸಿ ಉಳಿದ ಧಾನ್ಯದ ಚರಟ ತಿನ್ನಿಸಿ, ಹಾಲು ಹಿಂಡಿ ಬೀದಿಬೀದಿಗೆ ಮಾರುತ್ತಿದ್ದರು. ಇಂಥ ಕೊಟ್ಟಿಗೆಗಳಲ್ಲಿ ಒಂದು ವಿಚಿತ್ರ ಕಾಯಿಲೆ ಕಾಣಿಸಿಕೊಳ್ಳುತ್ತಿತ್ತು. ಹಸುವಿಗೆ ಜ್ವರ ಇಲ್ಲ, ಮೇವು ಸರಿಯಾಗಿ ತಿನ್ನುತ್ತೆ. ಮೊಲೆಯ ಬುಡದಲ್ಲಿ ಒಂದು ಗಂಟು. ನಿಧಾನವಾಗಿ ಗಂಟು ದೊಡ್ಡದಾಗಿ ಕೆಚ್ಚಲಿನ ಆ ಭಾಗ ಗಟ್ಟಿಯಾಗುತ್ತೆ. ಹಾಲು ಕಡಿಮೆಯಾಗುತ್ತೆ, ನೀಲಿ ನೀರಿನ ಹಾಗೆ ತೆಳ್ಳಗಾಗುತ್ತೆ, ಹುಳಿಯಾಗುತ್ತೆ, ಒಡೆಯುತ್ತೆ. ಒಂದು ಹಸುವಿಗೆ ಬಂದ ಮೇಲೆ ತಿಂಗಳುಗಳ ಅವಧಿಯಲ್ಲಿ ಒಂದಾದ ಮೇಲೆ ಒಂದಕ್ಕೆ ಬರುತ್ತೆ. ಓದುತ್ತಿರುವವರಿಗೆ ಕೆಂಪಿ ನೆನಪಾಗಿರಬೇಕು.

ಹಸು ಸಾಯುತ್ತಿರಲಿಲ್ಲ. ಆದ್ದರಿಂದ ದೊಡ್ಡ ವಿದ್ವಾಂಸರು ಇದಕ್ಕೆ ತಲೆ ಕೆಡಿಸಿಕೊಂಡಿರಲಿಲ್ಲ. ಪೆಟ್ಟು ಬಿದ್ದಿರಬೇಕು, ಥಂಡಿ ಹಿಡಿದಿರಬೇಕು, ಸರಿಯಾಗಿ ಹಿಂಡದೆ ಹಾಲು ಉಳಿಸಿರಬೇಕು, ಹೀಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಹಳ್ಳಿಗಳಲ್ಲಿ ಮಾಟ ಮಂತ್ರ ಅಂತಲೂ ಇತ್ತಂತೆ, ನಮ್ಮ ಅಜ್ಜಿಯೊಬ್ಬಳೇ ಅಲ್ಲ. ಆದರೆ ಮೊಲ್ಲೆರೋ ಎಂಬ, ದನದ ಕೊಟ್ಟಿಗೆಗಳಿಗೆ ಹೋಗಿ ಚಿಕಿತ್ಸೆ ಮಾಡುತ್ತಿದ್ದ ಪಶುವೈದ್ಯರಿಗೆ ಇದು ಅಂಟುರೋಗವೇ ಇರಬೇಕು ಅನ್ನಿಸಿತ್ತು. ಅವರು ನೊಕಾರ್ ಅವರ ಜೊತೆ ಸೇರಿದರು. ಈ ಜೋಡಿ ನನಗೆ ಬಹಳ ಇಷ್ಟ. ಒಬ್ಬರು ಕೊಟ್ಟಿಗೆಯ ಸಗಣಿ ತುಳಿದವರು, ಇನ್ನೊಬ್ಬರ ಹತ್ತಿರ ಸೂಕ್ಷ್ಮದರ್ಶಕ. ಇಬ್ಬರಲ್ಲಿ ಒಬ್ಬರಿಲ್ಲದಿದ್ದರೂ ಕೆಲಸ ಆಗುತ್ತಿರಲಿಲ್ಲ.

ಕಾಯಿಲೆ ಮೊಲೆಯ ಹಾಲನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದಾಗ ಕಂಡದ್ದು ಏನು ಅಂದರೆ, ದುಂಡನೆಯ ಸಣ್ಣ ಸಣ್ಣ ಕಾಳುಗಳು, ಒಂದಕ್ಕೊಂದು ಅಂಟಿಕೊಂಡು ಮಣಿಸರದಂತೆ ಉದ್ದಕ್ಕೆ ಸಾಲಾಗಿ ನಿಂತಿರುವುದು. ಈ ಜಾತಿಯ ರೋಗಾಣುಗಳಿಗೆ ಸ್ಟ್ರೆಪ್ಟೊಕಾಕಸ್ ಅಂತ ಹೆಸರು. ಸರಪಣಿಯ ಹಾಗಿರುವ ಕಾಳು ಅಂತ ಅದರ ಅರ್ಥ. ಇದೇ ಬಳಗದ ಇನ್ನೊಂದು ರೋಗಾಣು ಬಾಣಂತಿಯರ ಜ್ವರಕ್ಕೆ ಕಾರಣ ಅಂತ ಪಾಶ್ಚರ್ ಅವರು 1879ರಲ್ಲೇ ತೋರಿಸಿದ್ದರು. ಕುದುರೆ ಮರಿಗಳ ದವಡೆ ಕೆಳಗೆ ಗಂಟು ಕಟ್ಟಿ ಕೀವಾಗಿ ಒಡೆಯುವ ಕಾಯಿಲೆಗೂ ಇದೇ ಬಳಗದ ಮತ್ತೊಂದು ಕಾರಣ ಅಂತ 1888ರಲ್ಲಿ ಗೊತ್ತಾಯಿತು. ಒಂದೇ ಮನೆತನ, ಬೇರೆ ಬೇರೆ ಮಕ್ಕಳು. ಒಬ್ಬೊಬ್ಬ ಒಂದೊಂದು ಪ್ರಾಣಿಗೆ ಗಂಟು ಬಿದ್ದಿದ್ದಾನೆ.

ಹಾಲಿನಲ್ಲಿ ರೋಗಾಣು ಕಂಡರೆ ಸಾಕೆ? ಅದು ಕಾಯಿಲೆಗೆ ಕಾರಣವೋ, ಕಾಯಿಲೆ ಆದ ಮೇಲೆ ಬಂದು ಸೇರಿಕೊಂಡದ್ದೋ? ನೊಕಾರ್ ಮತ್ತು ಮೊಲ್ಲೆರೋ ಆ ರೋಗಾಣುವನ್ನು ಮಾತ್ರ ಬೇರೆ ಮಾಡಿ ಗಾಜಿನ ಬುಡ್ಡಿಗಳಲ್ಲಿ ಸಾರಿನಂಥ ದ್ರವದಲ್ಲಿ ಬೆಳೆಸಿದರು. ಅದು ಸಕ್ಕರೆಯನ್ನು ಹುಳಿ ಮಾಡುವುದನ್ನು ಕಂಡರು. ಕಾಯಿಲೆ ಹಸುವಿನ ಹಾಲು ಬೇಗ ಒಡೆಯುವುದು ಏಕೆ ಅಂತ ಇದರಿಂದ ಗೊತ್ತಾಯಿತು. ಹಾಲಿನಲ್ಲಿರೋ ಸಕ್ಕರೆಯನ್ನೇ ಅದು ಹುಳಿ ಮಾಡಿಬಿಡುತ್ತೆ. ಆಮೇಲೆ ಆ ಬೆಳೆಸಿದ ರೋಗಾಣುವನ್ನು ಆರೋಗ್ಯವಾಗಿದ್ದ ಹಸುವಿನ ಮೊಲೆಯ ರಂಧ್ರದ ಮೂಲಕ ಒಳಗೆ ಬಿಟ್ಟರು. ಅದೇ ಗಂಟು, ಅದೇ ನೀರು ಹಾಲು, ಅದೇ ಬತ್ತುವುದು. ಅಲ್ಲಿಗೆ ವಾದ ಮುಗಿಯಿತು.

ಇನ್ನು ಉಳಿದದ್ದು, ಇದು ಒಂದು ಹಸುವಿನಿಂದ ಇನ್ನೊಂದಕ್ಕೆ ಹೋಗುವುದು ಹೇಗೆ ಅನ್ನೋದು. ನೊಣ ಹೊತ್ತು ಹೋಗುತ್ತೋ, ಮೇವಿನಲ್ಲಿ ಬರುತ್ತೋ, ಉಸಿರಿನಲ್ಲೋ? ಅವರು ಕೊಟ್ಟ ಉತ್ತರ ಹಾಲು ಕರೆಯುವವನ ಕೈ. ಕಾಯಿಲೆ ಮೊಲೆಯನ್ನು ಹಿಂಡಿದ ಕೈಗೆ ಹಾಲು ಮೆತ್ತುತ್ತೆ. ಅದೇ ಒದ್ದೆ ಕೈಯಲ್ಲಿ ಪಕ್ಕದ ಹಸುವಿನ ಮೊಲೆ ಹಿಡಿಯುತ್ತಾರೆ. ಕರೆದು ಮುಗಿದಾಗ ಮೊಲೆಯ ತುದಿಯ ರಂಧ್ರ ಸ್ವಲ್ಪ ಹೊತ್ತು ಬಾಯಿ ತೆರೆದುಕೊಂಡೇ ಇರುತ್ತೆ. ಅಷ್ಟು ಸಾಕು. ಕಾಯಿಲೆಗೆ ಬೇರೆ ಗಾಡಿಯೇ ಬೇಡ. ದಿನಕ್ಕೆ ಎರಡು ಸಲ ನಾವೇ ಕೂರಿಸಿಕೊಂಡು ಮನೆ ಮನೆ ತಿರುಗಿಸುತ್ತೇವೆ. 1884ರಲ್ಲಿ ಪಶುವೈದ್ಯರ ಸಂಘದಲ್ಲಿ ಇದನ್ನು ತಿಳಿಸಿ, 1887ರಲ್ಲಿ ಪಾಶ್ಚರ್ ಸಂಸ್ಥೆಯ ಪತ್ರಿಕೆಯ ಮೊದಲ ಸಂಪುಟದಲ್ಲೇ ಪೂರ್ತಿಯಾಗಿ ಪ್ರಕಟಿಸಿದರು.

ಆಗ ಪೆನ್ಸಿಲಿನ್ ಇರಲಿಲ್ಲ. ಬೋರಿಕ್ ಆಸಿಡ್ ಬೆರೆಸಿದ ಬೆಚ್ಚನೆ ನೀರನ್ನು ಮೊಲೆಯೊಳಗೆ ಬಿಟ್ಟು ನೋಡಿದರು. ಆದರೆ ಅವರು ಹೇಳಿದ್ದರಲ್ಲಿ ಹೆಚ್ಚು ಬೆಲೆಯುಳ್ಳದ್ದು ಔಷಧಿ ಅಲ್ಲ. ಕಾಯಿಲೆ ಹಸುವನ್ನು ಬೇರೆ ಕಟ್ಟಿ, ಕಡೆಯಲ್ಲಿ ಕರೆಯಿರಿ, ಒಂದೊಂದು ಹಸುವಿಗೂ ಕೈಯನ್ನು ಕ್ರಿಮಿನಾಶಕ ನೀರಿನಲ್ಲಿ ತೊಳೆಯಿರಿ ಅನ್ನೋದು ಅವರ ಸಲಹೆಯ ಸಾರ. ಖರ್ಚಿಲ್ಲದ ಕೆಲಸ. ನಮ್ಮ ಅವ್ವ ಕೆಂಪಿಯ ಮೇಲಿನ ಪ್ರೀತಿಗೆ ಸರಿಯಾಗಿ ಇದರ ಉಲ್ಟಾ ಮಾಡಿದ್ದಳು. ತಿಳಿಯದೆ ಮಾಡಿದ್ದು, ಅವಳನ್ನ ದೂರೋಕೆ ನನಗೆ ಮನಸ್ಸು ಬರುವುದಿಲ್ಲ.

ಅದೇ 1887ರಲ್ಲಿ ನೊಕಾರ್ ಅವರು ಆಲ್ಫೋರ್ ಶಾಲೆಯ ನಿರ್ದೇಶಕರಾದರು. ಮುಂದಿನ ಹದಿನೈದು ವರ್ಷ ಅವರು ಮಾಡಿದ ಕೆಲಸವನ್ನೆಲ್ಲ ಬರೆದರೆ ಈ ಸಂಚಿಕೆಯಲ್ಲಿ ಜಾಹೀರಾತಿಗೆ ಜಾಗ ಇರುವುದಿಲ್ಲ, ಖಜಾಂಚಿಗಳು ಬೈತಾರೆ. 1888ರಲ್ಲಿ ಗ್ವಾಡಲೂಪ್ ದ್ವೀಪದ ದನಗಳ ಒಂದು ಚರ್ಮದ ಗಂಟು ರೋಗದ ಕಾರಣ ಕಂಡುಹಿಡಿದರು. ಆ ಬಳಗದ ರೋಗಾಣುಗಳಿಗೆ ಮರುವರ್ಷ ಅವರ ಗೌರವಾರ್ಥ ನೊಕಾರ್ಡಿಯಾ ಅಂತ ಹೆಸರಿಟ್ಟರು, ಆ ಹೆಸರು ಇವತ್ತಿಗೂ ಇದೆ. ಕುದುರೆಗೆ ಬೀಜ ಒಡೆದಾಗ, ಗಾಯವಾದಾಗ ಬರುತ್ತಿದ್ದ ಧನುರ್ವಾಯುವನ್ನು ಮುಂಚೆಯೇ ಸೀರಂ ಕೊಟ್ಟು ತಡೆಯಬಹುದು ಅಂತ ತೋರಿಸಿಕೊಟ್ಟರು. 1898ರಲ್ಲಿ ಗೆಳೆಯ ರೂ ಮತ್ತು ಇತರರ ಜೊತೆ ದನಗಳ ಶ್ವಾಸಕೋಶದ ಅಂಟುರೋಗದ ರೋಗಾಣುವನ್ನು ಬೆಳೆಸಿದರು. ಅದು ಎಷ್ಟು ಸಣ್ಣದೆಂದರೆ ಅಲ್ಲಿಯವರೆಗೆ ಯಾರ ಕೈಗೂ ಸಿಕ್ಕಿರಲಿಲ್ಲ. ಗಿಳಿಗಳಿಂದ ಮನುಷ್ಯರಿಗೆ ಬರುವ ಜ್ವರದ ವಿಷಯದಲ್ಲಿ ಮಾತ್ರ ಅವರು ತಪ್ಪಿದರು. ಸತ್ತ ಗಿಳಿಗಳ ರೆಕ್ಕೆಯಲ್ಲಿ ಅವರಿಗೆ ಸಿಕ್ಕಿದ ರೋಗಾಣು ನಿಜವಾದ ಕಳ್ಳ ಅಲ್ಲ ಅಂತ ಆಮೇಲೆ ಗೊತ್ತಾಯಿತು. ದೊಡ್ಡವರೂ ಎಡವುತ್ತಾರೆ. ಇದನ್ನು ಬಿಟ್ಟು ಬರೆದರೆ ಜೀವನ ಚರಿತ್ರೆ ಆಗುವುದಿಲ್ಲ, ಹೊಗಳಿಕೆ ಆಗುತ್ತದೆ.

ಹಾಲು ಹಾಕುವ ನಾವು ತಿಳಿಯಬೇಕಾದ ಅವರ ಇನ್ನೊಂದು ಕೆಲಸ ಕ್ಷಯರೋಗದ್ದು. 1890ರಲ್ಲಿ ಕಾಖ್ ಅವರು ಟ್ಯುಬರ್ಕುಲಿನ್ ಎಂಬ ಔಷಧಿ ಹೊರತಂದರು. ಮನುಷ್ಯರ ಕ್ಷಯ ವಾಸಿಮಾಡುತ್ತೆ ಅಂತ ಜನ ಮುಗಿಬಿದ್ದರು, ವಾಸಿ ಆಗಲಿಲ್ಲ. ಆದರೆ ಅದನ್ನು ಚುಚ್ಚಿದಾಗ ಕ್ಷಯ ಇರುವ ಹಸುವಿಗೆ ಜ್ವರ ಏರುತ್ತೆ, ಇಲ್ಲದ ಹಸುವಿಗೆ ಏರುವುದಿಲ್ಲ. ಹೊರಗೆ ದುಂಡಗೆ ಕಾಣುವ ಹಸುವಿನ ಒಳಗಿನ ಕಾಯಿಲೆಯನ್ನು ಹಿಡಿಯೋಕೆ ಇದು ಬಹಳ ಒಳ್ಳೆ ಉಪಾಯ ಅಂತ ಸಾವಿರಾರು ರೈತರಿಗೆ, ಪಶುವೈದ್ಯರಿಗೆ, ಸರ್ಕಾರಕ್ಕೆ ಪಟ್ಟು ಹಿಡಿದು ತಿಳಿಸಿದವರಲ್ಲಿ ನೊಕಾರ್ ಮುಂಚೂಣಿಯಲ್ಲಿದ್ದರು.

1901ರಲ್ಲಿ ಲಂಡನ್ನಿನಲ್ಲಿ ಕ್ಷಯರೋಗದ ದೊಡ್ಡ ಸಮ್ಮೇಳನ ನಡೆಯಿತು. ಕಾಖ್ ಅವರು ಆಗ ಪ್ರಪಂಚದಲ್ಲೇ ಅತ್ಯಂತ ಪ್ರಸಿದ್ಧ ವೈದ್ಯರಲ್ಲಿ ಒಬ್ಬರು. ಕ್ಷಯದ ರೋಗಾಣು ಕಂಡುಹಿಡಿದವರೇ ಅವರು. ಅವರು ಎದ್ದು ನಿಂತು, ದನದ ಕ್ಷಯ ಮನುಷ್ಯರಿಗೆ ಬರುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ, ಅದಕ್ಕಾಗಿ ಹಾಲಿನ ಮೇಲೆ ಕಟ್ಟುನಿಟ್ಟು ಬೇಕಾಗಿಲ್ಲ ಎಂಬ ಅರ್ಥದ ಭಾಷಣ ಮಾಡಿದರು. ಸಭೆಯೇ ದಂಗಾಯಿತು. ನೊಕಾರ್ ಅವರು ಅದನ್ನು ಒಪ್ಪಲಿಲ್ಲ. ಕಾಯಿಲೆ ಹಸುವಿನ ಹಾಲು ಮಕ್ಕಳಿಗೆ ಅಪಾಯ ಅನ್ನೋ ತಮ್ಮ ಮಾತನ್ನು ಅದೇ ಸಮ್ಮೇಳನದಲ್ಲಿ ಧೈರ್ಯವಾಗಿ ಮಂಡಿಸಿದರು. ಡೆನ್ಮಾರ್ಕಿನ ಬಾಂಗ್, ಇಂಗ್ಲೆಂಡಿನ ಲಿಸ್ಟರ್ ಕೂಡ ಕಾಖ್ ಅವರ ಮಾತಿಗೆ ಎದುರು ನಿಂತರು. ಯಾರು ಸರಿ ಅಂತ ತೀರ್ಮಾನಿಸೋಕೆ ಇಂಗ್ಲೆಂಡ್ ಸರ್ಕಾರ ಒಂದು ಆಯೋಗ ನೇಮಿಸಿತು. ಅದು ವರ್ಷಗಟ್ಟಲೆ ಪರೀಕ್ಷೆ ನಡೆಸಿ, 1911ರಲ್ಲಿ ಕೊನೆಯ ವರದಿ ಕೊಟ್ಟಿತು. ದನದ ಕ್ಷಯ ಹಾಲಿನ ಮೂಲಕ ಮನುಷ್ಯರಿಗೆ, ಅದರಲ್ಲೂ ಮಕ್ಕಳಿಗೆ, ಬರುತ್ತದೆ ಅಂತ ಸ್ಪಷ್ಟವಾಯಿತು. ಹಸಿ ಹಾಲು ಕುಡಿಯಬೇಡಿ, ಕಾಯಿಸಿ ಕುಡಿಯಿರಿ ಅಂತ ನಾವು ಹೇಳೋದರ ಹಿಂದೆ ಈ ಜಗಳವೂ ಇದೆ.

ಆ ವರದಿ ನೋಡೋಕೆ ನೊಕಾರ್ ಇರಲಿಲ್ಲ. 1903ನೇ ಇಸವಿ ಆಗಸ್ಟ್ 2ರಂದು, ಆಲ್ಫೋರ್ ಶಾಲೆಯ ನೆರೆಯ ಸೇಂ-ಮೋರೀಸ್‌ನಲ್ಲಿ, 53ನೇ ವಯಸ್ಸಿನಲ್ಲಿ ಅವರು ಕಾಲವಾದರು. ಆಲ್ಫೋರ್ ಶಾಲೆಯ ಆವರಣದಲ್ಲಿ ಅವರ ಸ್ಮಾರಕ ಇದೆ.

ಅವರು ಕಂಡುಹಿಡಿದ ಕೆಚ್ಚಲಿನ ರೋಗಾಣುವಿಗೆ 1896ರಲ್ಲಿ ಸ್ಟ್ರೆಪ್ಟೊಕಾಕಸ್ ಅಗಲಾಕ್ಟಿಯೇ ಅಂತ ಹೆಸರಾಯಿತು. ಹಾಲು ಇಲ್ಲದಂತೆ ಮಾಡುವುದು ಅಂತ ಅರ್ಥ, ಹೆಸರು ಸರಿಯಾಗಿದೆ. 1930ರ ದಶಕದಲ್ಲಿ ಅಮೆರಿಕದ ರೆಬೆಕಾ ಲ್ಯಾನ್ಸ್‌ಫೀಲ್ಡ್ ಎಂಬ ಮಹಿಳೆ ಸರಪಣಿ ರೋಗಾಣುಗಳನ್ನೆಲ್ಲ ಗುಂಪು ಗುಂಪು ಮಾಡಿ ಇದನ್ನು ಬಿ ಗುಂಪಿಗೆ ಹಾಕಿದರು. ಬಹಳ ಕಾಲ ಇದು ಹಸುವಿನ ಕಾಯಿಲೆ ಅಷ್ಟೇ ಅಂದುಕೊಂಡಿದ್ದರು. 1970ರ ದಶಕದ ಹೊತ್ತಿಗೆ ಇದೇ ಬಿ ಗುಂಪಿನ ರೋಗಾಣು ಹಸುಗೂಸುಗಳ ರಕ್ತಕ್ಕೆ, ಮಿದುಳಿನ ಪೊರೆಗೆ ಹತ್ತಿ ಪ್ರಾಣ ತೆಗೆಯುವುದು ಡಾಕ್ಟರುಗಳ ಗಮನಕ್ಕೆ ಬಂತು. ಕೂಸಿಗೆ ಅದು ಹಸುವಿನಿಂದಲ್ಲ, ಹೆಚ್ಚಾಗಿ ಹೆರಿಗೆಯ ಹೊತ್ತಿಗೆ ತಾಯಿಯಿಂದ ಬರುತ್ತದೆ. ಮನುಷ್ಯರಲ್ಲಿ ಇರುವ ತಳಿ, ಹಸುವಿನಲ್ಲಿ ಇರುವ ತಳಿ ಬಹುಮಟ್ಟಿಗೆ ಬೇರೆ ಬೇರೆ, ಕೆಲವು ಮಾತ್ರ ಎರಡೂ ಕಡೆ ಓಡಾಡುತ್ತವೆ. ಈಗ ಸಾಕಿದ ಮೀನುಗಳಲ್ಲೂ ಇದು ಸಾವು ತರುತ್ತಿದೆ.

ಪೆನ್ಸಿಲಿನ್ ಬಂದ ಮೇಲೆ 1940ರ ದಶಕದಿಂದ ಈ ಕಾಯಿಲೆಯ ಸೊಕ್ಕು ಮುರಿಯಿತು. ಈ ರೋಗಾಣುವಿನ ಮನೆ ಮುಖ್ಯವಾಗಿ ಕೆಚ್ಚಲೇ, ಅದರ ಹೊರಗೆ ಬಹಳ ದಿನ ಉಳಿಯುವ ಶಕ್ತಿ ಅದಕ್ಕೆ ಕಡಿಮೆ. ಹಾಗಾಗಿ ಕಾಯಿಲೆ ಹಸುವನ್ನು ಹುಡುಕಿ, ಔಷಧಿ ಕೊಟ್ಟು, ಕರೆಯುವ ಕ್ರಮ ಸರಿಮಾಡಿಕೊಂಡ ಡೆನ್ಮಾರ್ಕ್, ನಾರ್ವೆಯಂಥ ದೇಶಗಳಲ್ಲಿ ಅದು ಬಹುತೇಕ ಇಲ್ಲವಾಯಿತು. ಅಲ್ಲೂ 2000ದ ನಂತರ ಮತ್ತೆ ತಲೆ ಎತ್ತಿದೆಯಂತೆ. ಈಗ ಅಲ್ಲಿ ಕೈಯಲ್ಲಿ ಯಾರೂ ಕರೆಯುವುದಿಲ್ಲ, ಯಂತ್ರ ಕರೆಯುತ್ತದೆ. ಒಂದೇ ಯಂತ್ರ ಹತ್ತಾರು ಹಸುವಿನ ಮೊಲೆ ಮುಟ್ಟುತ್ತದೆ. ಕೈ ಬದಲಾಯಿತು, ದಾರಿ ಅದೇ.

ನಮ್ಮಲ್ಲಿ ಇನ್ನೊಂದು ತಾಪತ್ರಯ ಇದೆ. ಕೆಚ್ಚಲು ಬಾವು ಸರಪಣಿ ರೋಗಾಣುವೊಂದರಿಂದಲೇ ಬರುವುದಲ್ಲ. ದ್ರಾಕ್ಷಿ ಗೊಂಚಲಿನಂಥ ಸ್ಟಫೈಲೊಕಾಕಸ್, ಸಗಣಿಯಲ್ಲಿರುವ ರೋಗಾಣು, ಹೀಗೆ ಬೇರೆಯವೂ ಇವೆ. ಕೆಲವು ಒಂದೇ ದಿನದಲ್ಲಿ ಕೆಚ್ಚಲು ಕಲ್ಲಾಗಿಸಿ ಹಸುವನ್ನೇ ಮಲಗಿಸುತ್ತವೆ. ಅದಕ್ಕೇ ನೆರೆಯವರು ಕೊಟ್ಟ ಟ್ಯೂಬನ್ನು ಹಸುವಿನ ಮೊಲೆಗೆ ಏರಿಸಬಾರದು, ಡಾಕ್ಟರಿಗೆ ತೋರಿಸಬೇಕು. ಔಷಧಿ ಕೊಟ್ಟ ಮೇಲೆ ಅವರು ಹೇಳಿದಷ್ಟು ದಿನ ಆ ಹಸುವಿನ ಹಾಲನ್ನು ಸಂಘಕ್ಕೆ ಹಾಕಬಾರದು. ಹೊರಗೆ ಏನೂ ಕಾಣದೆ ಒಳಗೇ ಇರುವ ಬಾವನ್ನು ಹಿಡಿಯೋಕೆ ನಾಲ್ಕು ಬಟ್ಟಲಿನ ತಟ್ಟೆಯ ಪರೀಕ್ಷೆ ಇದೆ, 1957ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಂದದ್ದು. ಒಂದೊಂದು ಮೊಲೆಯ ಹಾಲನ್ನು ಒಂದೊಂದು ಬಟ್ಟಲಿಗೆ ಹಿಂಡಿ ಔಷಧಿ ಹಾಕಿ ಅಲ್ಲಾಡಿಸಿದರೆ, ಬಾವಿರುವ ಹಾಲು ಲೋಳೆಯಾಗುತ್ತದೆ. ಎರಡು ನಿಮಿಷದ ಕೆಲಸ. ಬೆಳಗ್ಗೆ ಕ್ಯೂ ನಿಂತವರು ಫ್ಯಾಟು ಎಷ್ಟು ಬಂತು ಅಂತ ಕೇಳುವಷ್ಟು ಆಸಕ್ತಿಯಿಂದ ಇದನ್ನು ಕೇಳಿದವರನ್ನು ನಾನು ನೋಡಿಲ್ಲ. ಹಾಲು ಒಡೆದು ಕ್ಯಾನು ವಾಪಸು ಬಂದ ದಿನ ಮಾತ್ರ ಎಲ್ಲರೂ ಸೇರುತ್ತಾರೆ.

ತರಬೇತಿ ಮುಗಿಸಿ ಊರಿಗೆ ಬಂದ ರಾತ್ರಿ ಅವ್ವನಿಗೆ ಈ ನೊಕಾರ್ ಕತೆಯನ್ನ ಹೇಳಿದ್ದೆ. ಹೇಳಬಾರದಿತ್ತೇನೋ ಅಂತ ಆಮೇಲೆ ಅನ್ನಿಸಿತು. ಅವಳು ಏನೂ ಮಾತಾಡಲಿಲ್ಲ, ತನ್ನ ಎರಡು ಕೈಯನ್ನ ಸ್ವಲ್ಪ ಹೊತ್ತು ನೋಡಿಕೊಂಡಳು ಅಷ್ಟೆ. ಆಗ ಕೊಟ್ಟಿಗೆಯಲ್ಲಿ ಎರಡು ಹಸು ಇದ್ದವು, ಎರಡೂ ಚೆನ್ನಾಗೇ ಇದ್ದವು. ಮಾರನೇ ದಿನ ಬೆಳಗ್ಗೆ ನಾನು ಏಳುವಷ್ಟರಲ್ಲಿ ಕೊಟ್ಟಿಗೆ ಬಾಗಿಲಲ್ಲಿ ಒಂದು ಬಕೆಟ್ ಬಿಸಿನೀರು, ಸೋಪು, ಎರಡು ಒಗೆದ ಬಟ್ಟೆ ಇಟ್ಟಿದ್ದಳು. ಒಂದು ಹಸುವಿಗೆ ಒಂದು ಬಟ್ಟೆ. ಅವಳು ಹಾಲು ಕರೆಯೋದು ಬಿಡುವವರೆಗೂ ಆ ಬಕೆಟ್ ಅಲ್ಲೇ ಇತ್ತು. ಪಕ್ಕದ ಮನೆಗೆ ಹೋಗಿ ಮಾತಾಡಿಸಿಕೊಂಡು ಬಂದದ್ದೂ ಅದೇ ವಾರ.